ಹಂಡೆಯ ಮೇಲಿನ ಹೆಸರೂ ವಂಶಾವಳಿಗೆ ಬರಲಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ: ನಮ್ಮ ಈ ಐದು ತಾಲೂಕುಗಳಲ್ಲಿ ವಂಶಾವಳಿ ಅಂದ ಕೂಡಲೇ ಜನರ ಮನಸ್ಸಿಗೆ ಬರುವುದು ನಾಡಕಚೇರಿ. ಹಿರಿಯರು ತೀರಿಕೊಂಡಿರುತ್ತಾರೆ, ಹೊಲ ಮಕ್ಕಳ ಹೆಸರಿಗೆ ಆಗಬೇಕು, ವಾರಸಾ ಹಚ್ಚಬೇಕು. ಮುತ್ಯಾನ ಹೆಸರು ಮೇಲೆ ಬರೆದು, ಕೆಳಗೆ ಗೆರೆ ಎಳೆದು, ಮಕ್ಕಳು ಮೊಮ್ಮಕ್ಕಳನ್ನು ತೋರಿಸಿ ಅರ್ಜಿ ಕೊಟ್ಟರೆ ವಂಶವೃಕ್ಷದ ದೃಢೀಕರಣ ಪತ್ರ ಸಿಗುತ್ತದೆ. ಕೆಲಸ ಮುಗಿದ ಮೇಲೆ ಆ ಹಾಳೆ ಉತಾರ, ಪಾಸ್‌ಬುಕ್ಕುಗಳ ಜತೆ ಪ್ಲಾಸ್ಟಿಕ್ ಚೀಲ ಸೇರುತ್ತದೆ. ಬಹಳಷ್ಟು ಮನೆಗಳಲ್ಲಿ ಮನೆತನದ ಇತಿಹಾಸ ಅಂತ ಉಳಿದಿರುವುದು ಅಷ್ಟೇ, ಹೊಲ ಯಾರಿಂದ ಯಾರಿಗೆ ಬಂತು ಎಂಬ ಲೆಕ್ಕ. ಹೊಲ ಇಲ್ಲದವರ ಮನೆಯಲ್ಲಿ ಅದೂ ಇಲ್ಲ.

ಚಿಕ್ಕೋಡಿಯಲ್ಲಿ ಪ್ರೌಢಶಾಲೆಯ ಕನ್ನಡ ಶಿಕ್ಷಕಿಯಾಗಿ ನಿವೃತ್ತಳಾದ ಮೇಲೆ ನಾನು ಹಿಡಿದಿರುವ ಕೆಲಸ ನಮ್ಮ ಮನೆತನದ ಹೆಸರು, ಊರು, ಫೋಟೋ, ಧ್ವನಿ ಎಲ್ಲವನ್ನೂ ಕೂಡಿಸಿ ಇಂಟರ್‌ನೆಟ್ಟಿನಲ್ಲಿ ಇಡುವುದು. ನನ್ನ ತವರು ಕೃಷ್ಣಾ ದಂಡೆಯ ಮಾಂಜರಿ. ಆಯಿ, ಅಂದರೆ ಅಜ್ಜಿ, ಬಂದದ್ದು ರಾಯಬಾಗದ ಕಡೆಯಿಂದ. ಒಬ್ಬ ಅತ್ತಿಯನ್ನು ಕಾಗವಾಡದ ಕಡೆ ಕೊಟ್ಟಿದ್ದಾರೆ, ಇನ್ನೊಬ್ಬರು ನಿಪ್ಪಾಣಿಯಲ್ಲಿ. ನನ್ನ ಗಂಡನ ಮನೆಯವರು ಅಥಣಿಯವರು. ಬೀಗತನದ ದಾರಿ ಹಿಡಿದು ಹೊರಟರೆ ಐದೂ ತಾಲೂಕು ಸುತ್ತಿ, ಮೀರಜ, ಸಾಂಗಲಿ, ಕೊಲ್ಲಾಪುರ ದಾಟಿ ಪುಣೆಯವರೆಗೆ ಹೋಗಬೇಕಾಗುತ್ತದೆ. ನಮ್ಮ ಗಡಿಭಾಗದ ಯಾವ ಮನೆಯ ಕತೆಯಾದರೂ ಹೀಗೇ. ಮನೆಯವರ ಹೆಸರುಗಳನ್ನು ಪತ್ರಿಕೆಯಲ್ಲಿ ಹಾಕುವುದು ಬೇಡ ಎಂದು ಮಾತಾಗಿರುವುದರಿಂದ ಇಲ್ಲಿ ಸಂಬಂಧಗಳನ್ನಷ್ಟೇ ಹೇಳುತ್ತೇನೆ.

ವಂಶಾವಳಿ ಇಡುವುದು ನಮಗೆ ಹೊಸದಲ್ಲ. ಈ ಸೀಮೆಯನ್ನು ಆಳಿದ ಸವದತ್ತಿಯ ರಟ್ಟರು ಶಾಸನ ಹಾಕಿಸುವಾಗ ದಾನದ ವಿವರಕ್ಕಿಂತ ಮೊದಲು ವಂಶ ಹೇಳಿಸುತ್ತಿದ್ದರು. ರಾಜರಿಗೆ ಶಾಸನ ಇದ್ದಂತೆ ರೈತರಿಗೆ ಹೆಳವರು ಇದ್ದರು, ಈಗಲೂ ಇದ್ದಾರೆ. ಎತ್ತಿನ ಮೇಲೆ ಕೂತು, ಕಾಲಿಗೆ ಕಂಬಳಿ ಹೊದ್ದು, ಗಂಟೆ ಸದ್ದು ಮಾಡುತ್ತ ಊರಿಗೆ ಬರುವ ಹೆಳವರ ಬಗ್ಗೆ ಎಡ್ಗರ್ ಥರ್ಸ್ಟನ್ 1909ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಕಾಲಿಲ್ಲದ ಒಬ್ಬನಿಗೆ ಬಸವಣ್ಣನವರು ಎತ್ತು ಕೊಟ್ಟು, ಜನರ ಕುಲ ಹೇಳುತ್ತ ಬದುಕು ಎಂದರು ಎಂಬುದು ಹೆಳವರು ತಮ್ಮ ಬಗ್ಗೆ ಹೇಳಿಕೊಳ್ಳುವ ಕತೆ. ಇಂತಿಂಥ ಹೆಳವ ಮನೆತನಕ್ಕೆ ಇಂತಿಂಥ ಊರು, ಇಂತಿಂಥ ಮನೆ ಎಂದು ಹಂಚಿಕೆ ಇರುತ್ತದೆ. ಸುಗ್ಗಿ ಮುಗಿದ ಮೇಲೆ ಬರುತ್ತಾರೆ. ಮೂಲ ಊರು ಯಾವುದು, ಅಲ್ಲಿಂದ ಯಾಕೆ ಎದ್ದು ಬಂದರು, ಎಷ್ಟು ಜನ ಅಣ್ಣತಮ್ಮಂದಿರು ಎಲ್ಲೆಲ್ಲಿಗೆ ಚದುರಿದರು ಎಂದು ರಾಗವಾಗಿ ಹೇಳುತ್ತಾರೆ, ಹೊಸದಾಗಿ ಹುಟ್ಟಿದವರ ಹೆಸರು ಹೊತ್ತಿಗೆಯಲ್ಲಿ ಬರೆದುಕೊಳ್ಳುತ್ತಾರೆ. ಜೋಳ, ರೊಕ್ಕ, ಧೋತರ, ಮೊದಲೆಲ್ಲ ಆಕಳ ಕರು ಕೂಡ, ಮನೆಯವರು ಶಕ್ತ್ಯನುಸಾರ ಕೊಡುತ್ತಾರೆ. ಈಗ ಎತ್ತಿನ ಬದಲು ಬೈಕಿನ ಮೇಲೆ ಬರುವವರಿದ್ದಾರೆ.

ನಮ್ಮ ಮನೆಗೆ ಬರುವ ಹೆಳವರು ಮಾಂಜರಿಯ ಕಟ್ಟೆಯ ಮೇಲೆ ಕೂತು ಹೇಳಲು ಸುರು ಮಾಡಿದಾಗ ಮೊಬೈಲು ಮುಂದಿಟ್ಟು ಕೇಳಿದೆ, ರೆಕಾರ್ಡ್ ಮಾಡಿಕೊಳ್ಳಲೇ ಎಂದು. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದರು: “ಧ್ವನಿ ತುಂಬಕೋರಿ ಅಕ್ಕಾರ, ಅದಕ್ಕೇನ ಅಡ್ಡಿಲ್ಲ. ಹೊತ್ತಗಿ ಫೋಟೋ ಮಾತ್ರ ಹೊಡೀಬ್ಯಾಡ್ರಿ. ನಿಮಗ ಹೊಲ ಇದ್ದಂಗ ನಮಗ ಅದರಿ.”

ಆ ಮಾತು ನ್ಯಾಯವಾದದ್ದು. ವಂಶಾವಳಿಯನ್ನು ಡಿಜಿಟಲ್ ಮಾಡುವ ಉತ್ಸಾಹದಲ್ಲಿ ನಾವು ಮೊದಲು ತಿಳಿಯಬೇಕಾದದ್ದು ಇದನ್ನೇ. ತಲೆತಲಾಂತರದಿಂದ ಊರೂರು ತಿರುಗಿ, ಗುಡಾರದಲ್ಲಿ ಮಲಗಿ, ಬರೆದು ಕಾಪಾಡಿದ ಹೊತ್ತಿಗೆಯನ್ನು ಒಂದು ಕ್ಲಿಕ್ಕಿನಲ್ಲಿ ಎತ್ತಿಕೊಂಡುಬಿಟ್ಟರೆ ಮುಂದಿನ ಸುಗ್ಗಿಗೆ ಅವರು ಯಾಕೆ ಬರಬೇಕು, ನಾವು ಯಾಕೆ ಕಾಳು ಕೊಡಬೇಕು? ಅವರು ಹೇಳಿದ್ದಷ್ಟನ್ನೇ ತುಂಬಿಕೊಂಡೆ. ಯಾರು ಹೇಳಿದರು, ಯಾವ ಊರಲ್ಲಿ, ಯಾವ ದಿನ ಎಂಬುದನ್ನು ಧ್ವನಿಯ ಜತೆಗೇ ಬರೆದಿಟ್ಟೆ. ಹೆಳವರ ಕಾಣಿಕೆಯೂ ಎಂದಿನಂತೆ ನಡೆಯುತ್ತದೆ.

ಅವರ ಹೇಳಿಕೆಯಲ್ಲಿ ನಮ್ಮ ಮನೆಯ ಗಂಡಸರು ಸಾಲಾಗಿ ಬಂದರು. ಇಂಥವನ ಮಗ ಇಂಥವ, ಅವನಿಗೆ ನಾಲ್ಕು ಮಕ್ಕಳು, ಒಬ್ಬ ದತ್ತಕ ಹೋದ. ನಾನು ಕೇಳಿದೆ, “ನಮ್ಮ ಅತ್ತಿಗೋಳು, ಆಯಿಗೋಳು ಎಲ್ಲ್ಯಾರೀ ಇದರಾಗ?” ಅವರು ತಡೆಯದೆ ಉತ್ತರ ಕೊಟ್ಟರು: “ಕೊಟ್ಟ ಮನಿ ಹೆಳವರು ಬ್ಯಾರೇರಿ ಅಕ್ಕಾರ.” ಕೊಟ್ಟ ಮನೆಯಲ್ಲಿ ವಿಚಾರಿಸಿದಾಗ ಅಲ್ಲಿಯೂ ಅತ್ತಿ ಇರಲಿಲ್ಲ. ಅವಳ ಗಂಡ ಇದ್ದ, ಮಕ್ಕಳು ಇದ್ದರು. ಇಬ್ಬರ ಹೊತ್ತಿಗೆಯ ನಡುವೆ ಹೆಣ್ಣುಮಗಳು ಬಿಟ್ಟುಹೋಗಿದ್ದಳು.

ಹೆಳವರ ಮೇಲೆ ತಪ್ಪು ಹೊರಿಸುವ ಮಾತೇ ಇಲ್ಲ. ಉತಾರ ನೋಡಿರಿ, ಹಳೆಯ ವತನದ ಕಾಗದ ನೋಡಿರಿ, ಯಾತ್ರೆಗೆ ಹೋದಾಗ ಕ್ಷೇತ್ರದ ಉಪಾಧ್ಯಾಯರು ಬಿಚ್ಚುವ ನಾಮಾವಳಿ ನೋಡಿರಿ, ಎಲ್ಲದರಲ್ಲಿಯೂ ಬೇರು ಇಳಿದಿರುವುದು ಗಂಡಸಿನ ಹೆಸರಿನ ಮೇಲೆ, ಅದರಲ್ಲೂ ಏನಾದರೂ ಆಸ್ತಿ ಇದ್ದ ಗಂಡಸಿನ ಮೇಲೆ. ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಜಾರಿಗೆ ಬಂದ ವಾರಸಾ ಕಾನೂನಿನ ತಿದ್ದುಪಡಿ, ಆಮೇಲೆ 2005ರ ಕೇಂದ್ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು ಹೆಣ್ಣುಮಕ್ಕಳನ್ನು ಪಿತ್ರಾರ್ಜಿತದ ಹಕ್ಕುದಾರರನ್ನಾಗಿ ಮಾಡಿದವು. ಅಂದಿನಿಂದ ವಂಶಾವಳಿಯ ಹಾಳೆಯಲ್ಲಿ ಅವರ ಹೆಸರು ಬರುತ್ತಿದೆ. ಬಹಳ ಕಡೆ ಆ ಹೆಸರು ಬರುವುದು ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸುವ ಹೊತ್ತಿಗೆ. ನಮ್ಮ ಕಾಲದ ಮನೆತನದ ಇತಿಹಾಸ ಇಂಟರ್‌ನೆಟ್ಟಿಗೆ ಹೋಗುವಾಗಲಾದರೂ ಈ ಬಿಟ್ಟುಹೋದ ಅರ್ಧ ಮನೆತನ ಸೇರಬೇಕು ಎಂಬುದು ನನ್ನ ಹಟ. ಇಲ್ಲದಿದ್ದರೆ ಹಳೆಯ ಉತಾರವನ್ನೇ ಕಂಪ್ಯೂಟರಿನಲ್ಲಿ ಮತ್ತೊಮ್ಮೆ ಬರೆದಂತಾಯಿತು.

ಹೆಂಗಸರ ಹೆಸರು ಎಲ್ಲಿ ಸಿಗುತ್ತದೆ? ನನಗೆ ಮೊದಲು ಸಿಕ್ಕಿದ್ದು ಅಟ್ಟದ ಮೇಲೆ. ಆಯಿ ಮದುವೆಯಾಗಿ ಬರುವಾಗ ತವರಿನಿಂದ ತಂದ ತಾಮ್ರದ ಹಂಡೆ ಅಲ್ಲಿ ಮಸಿ ಹಿಡಿದು ಕೂತಿತ್ತು. ಕಂಠದ ಕೆಳಗೆ ಉಳಿಯಿಂದ ಚುಕ್ಕಿ ಚುಕ್ಕಿ ಹೊಡೆದು ಕೆತ್ತಿದ ದೇವನಾಗರಿ ಅಕ್ಷರ. ಹುಣಸೆಹಣ್ಣು ಹಚ್ಚಿ ಗಸಗಸ ತಿಕ್ಕಲು ಹೊರಟ ಸೊಸೆಯನ್ನು ತಡೆದೆ. ಮೊದಲೇ ಸವೆದ ಚುಕ್ಕಿ ಇನ್ನೂ ಸವೆಯುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಒಂದು ಚಿಟಿಕೆ ಜೋಳದ ಹಿಟ್ಟನ್ನು ಅಕ್ಷರದ ಮೇಲೆ ಉದುರಿಸಿ ಬೆರಳಿಂದ ಮೆಲ್ಲಗೆ ಸವರಿದೆವು. ಹಿಟ್ಟು ಚುಕ್ಕಿಯೊಳಗೆ ಕೂತಿತು. ಕೋಣೆಯ ದೀಪ ಆರಿಸಿ ಬ್ಯಾಟರಿಯನ್ನು ಪಕ್ಕದಿಂದ, ಹಂಡೆಗೆ ಒರಗಿಸಿದ ಹಾಗೆ ಹಿಡಿದಾಗ ಸಾಲು ಎದ್ದು ಕಂಡಿತು: ಚಿ. ಸೌ. ಎಂದು ಸುರುವಾಗಿ ಒಂದು ಹೆಸರು, ಕೊಟ್ಟವರ ಹೆಸರು, ಊರು, 1943.

ಆ ಹೆಸರು ನಾವು ಯಾರೂ ಕೇಳಿದ್ದಲ್ಲ. ನಮಗೆ ಗೊತ್ತಿದ್ದ ಆಯಿಯ ಹೆಸರು ಮದುವೆಯಲ್ಲಿ ಗಂಡನ ಮನೆಯವರು ಇಟ್ಟದ್ದು. ತಂದೆತಾಯಿ ತೊಟ್ಟಿಲಲ್ಲಿ ಇಟ್ಟ ಹೆಸರು ಈ ಹಂಡೆಯ ಮೇಲಷ್ಟೇ ಉಳಿದಿತ್ತು. ಕೊಟ್ಟವರು ಅವಳ ಸೋದರಮಾವ ಎಂದು ರಾಯಬಾಗದ ಕಡೆಯ ಒಬ್ಬ ಹಿರಿಯರಿಂದ ಗೊತ್ತಾಯಿತು. ಹಾಗೆ ಆಯಿಯ ತಾಯಿಯ ತವರಿಗೂ ದಾರಿ ಸಿಕ್ಕಿತು. ಹೊಳೆಯ ನೀರು ಮನೆಯ ಕಾಗದವನ್ನೆಲ್ಲ ಒಯ್ದಾಗಲೂ ತಾಮ್ರ ಉಳಿದಿತ್ತು. ನಿಮ್ಮ ಮನೆಯ ಹಂಡೆ, ಕೊಡ, ತಂಬಿಗೆ, ಪರಾತಗಳನ್ನು ಮೋಡಕಾ ಅಂಗಡಿಗೆ ತೂಕಕ್ಕೆ ಹಾಕುವ ಮೊದಲು ಒಮ್ಮೆ ತಿರುಗಿಸಿ ನೋಡಿರಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಎರಡನೆಯದು ಲಗ್ನಪತ್ರಿಕೆ. ನಮ್ಮ ಕಡೆಯ ಪತ್ರಿಕೆಯಲ್ಲಿ ಅಜ್ಜ, ಕಾಕಾ, ಮಾಮಾ, ಅಳಿಯಂದಿರು, ಬೀಗರು ಊರು ಸಮೇತ ಸಾಲಾಗಿ ಇರುತ್ತಾರೆ. ತಾರೀಖು ತಪ್ಪಿರುವುದಿಲ್ಲ. ಮೂರನೆಯದು ಆಯೇರಿ ಬರೆದ ವಹಿ. ಯಾವ ಊರಿನ ಯಾರು ಎಷ್ಟು ರೂಪಾಯಿ ಕೊಟ್ಟರು, ಯಾರು ಕುಬಸದ ಖಣ ಕೊಟ್ಟರು ಎಂಬ ಆ ಪಟ್ಟಿ ಆ ದಿನಕ್ಕೆ ಮನೆತನದ ಬಳಗ ಎಷ್ಟು ದೂರ ಹರಡಿತ್ತು ಎಂಬುದರ ನಕ್ಷೆ. ಸೀರೆ ಉಡಿಸಿದವರ ಸಾಲಿನಲ್ಲಿ ಹೆಂಗಸರ ಹೆಸರು ಸಿಗುತ್ತದೆ.

ನಿಪ್ಪಾಣಿಯ ಕಡೆ ಇನ್ನೊಂದು ಕಾಗದ ಇದೆ, ಅದನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಅಲ್ಲಿ ಬೀಡಿ ಕಟ್ಟಿ ಸಂಸಾರ ನಡೆಸಿದ ಸಾವಿರಾರು ಹೆಂಗಸರಿದ್ದಾರೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು, 1976ರ ಕಲ್ಯಾಣ ನಿಧಿ ಕಾನೂನು ಬಂದ ಮೇಲೆ ಅವರಿಗೆ ಗುರುತಿನ ಚೀಟಿ ಆದವು. ಹೊಲ ಇಲ್ಲ, ಮನೆ ಬಾಡಿಗೆಯದು, ಉತಾರದ ಪ್ರಶ್ನೆಯೇ ಇಲ್ಲ. ಆದರೆ ಆ ಚೀಟಿಯ ಮೇಲೆ ಅವಳ ಹೆಸರು, ಅವಳ ಫೋಟೋ, ಅವಳೇ ಮಾಡಿದ ಕೆಲಸ. ಬಹಳ ಮನೆಗಳಲ್ಲಿ ಒಬ್ಬ ಹೆಂಗಸು ತನ್ನ ಸ್ವಂತ ಹೆಸರಿನಲ್ಲಿ ಪಡೆದ ಮೊದಲ ಸರಕಾರಿ ಕಾಗದ ಅದು. ಅವಳು ತೀರಿಕೊಂಡ ಮೇಲೆ ಪಿಂಚಣಿ, ಭವಿಷ್ಯನಿಧಿಯ ಕೆಲಸ ಮುಗಿಯುತ್ತಲೇ ಚೀಟಿ ಎಸೆಯುತ್ತಾರೆ. ಎಸೆಯಬೇಡಿರಿ.

ಹೆಸರು ಉಳಿಸಿಕೊಳ್ಳುವುದು ಎಷ್ಟು ಕಷ್ಟದ ಮಾತು ಎಂಬುದಕ್ಕೆ ದೇಶದ ಮೊದಲ ಮತದಾರರ ಪಟ್ಟಿಯೇ ಸಾಕ್ಷಿ. 1951-52ರ ಚುನಾವಣೆಗೆ ಪಟ್ಟಿ ಮಾಡುವಾಗ ಉತ್ತರ ಭಾರತದ ರಾಜ್ಯಗಳಲ್ಲಿ ಬಹಳ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಮಗ ದೊಡ್ಡವನಾದರೆ ಮಾತ್ರ ತಾಯಿಯ ಹೆಸರು ಪುಸ್ತಕಕ್ಕೆ ಬರುತ್ತದೆ. ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರ ತಾಯಿ ಶ್ರೀಮಂತಿ ಎಂಬುದು ದೇಶದ ಜೈನರಿಗೆಲ್ಲ ಗೊತ್ತು. ಅದೇ ಓಣಿಯ ಉಳಿದ ತಾಯಂದಿರ ಹೆಸರು ಅವರವರ ಮೊಮ್ಮಕ್ಕಳಿಗಾದರೂ ಗೊತ್ತಿರಬೇಡವೇ?

ಇನ್ನು ಕಾಗದಗಳ ವಿಷಯ. ಗಡಿಭಾಗದಲ್ಲಿ ಮನೆತನದ ಕಾಗದ ಹುಡುಕುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಊರು ಯಾವ ಕಾಲಕ್ಕೆ ಯಾರ ಕೈಯಲ್ಲಿತ್ತು ಎಂಬುದನ್ನು. ಚಿಕ್ಕೋಡಿ, ಅಥಣಿ ಬ್ರಿಟಿಷರ ಮುಂಬೈ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. ಆ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ವಿಲೀನವಾದದ್ದು 1949ರ ಮಾರ್ಚ್ 1ರಂದು. ಹೀಗಾಗಿ ಆಯಿಯ ತವರಿನ ಹಳೆಯ ಕಾಗದ ಕೇಳಬೇಕಾದದ್ದು ಬೆಳಗಾವಿಯಲ್ಲಿ ಅಲ್ಲ, ಕೊಲ್ಲಾಪುರದ ಪುರಾಭಿಲೇಖಾಗಾರದಲ್ಲಿ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಚಂದಗಡ ಆಚೆ ಉಳಿಯಿತು. ನಿಪ್ಪಾಣಿ, ಕಾಗವಾಡ ತಾಲೂಕುಗಳಾದದ್ದು ತೀರ ಈಚೆಗೆ, ಅದಕ್ಕೆ ಮೊದಲಿನ ಕಾಗದಗಳಲ್ಲಿ ಅವು ಚಿಕ್ಕೋಡಿ ಮತ್ತು ಅಥಣಿಯ ಕೆಳಗೆ ಸಿಗುತ್ತವೆ. ಇಂಗ್ಲಿಷ್ ಕಾಗುಣಿತವೂ ಬೇರೆ. ಹಳೆಯ ಪುಸ್ತಕಗಳಲ್ಲಿ ಅಥಣಿ ‘ಅಥ್ನಿ’, ಚಿಕ್ಕೋಡಿ ‘ಚಿಕೋಡಿ’, ನಿಪ್ಪಾಣಿ ‘ನಿಪಾಣಿ’. ಇಂಟರ್‌ನೆಟ್ಟಿನಲ್ಲಿ ಹುಡುಕುವಾಗ ಈಗಿನ ಕಾಗುಣಿತ ಒಂದನ್ನೇ ಹಾಕಿದರೆ ಬರಿಗೈಯಲ್ಲಿ ಬರುತ್ತೀರಿ. 1884ರಲ್ಲಿ ಪ್ರಕಟವಾದ ಮುಂಬೈ ಗ್ಯಾಜೆಟಿಯರಿನ ಬೆಳಗಾವಿ ಸಂಪುಟ ಇಂಟರ್‌ನೆಟ್ ಆರ್ಕೈವಿನಲ್ಲಿ ಪುಕ್ಕಟೆ ಓದಲು ಸಿಗುತ್ತದೆ. ಮುತ್ಯಾನ ಮುತ್ಯಾ ಬದುಕಿದ್ದ ಕಾಲದ ಸಂತೆ, ಕೆರೆ, ದಾರಿ, ಬೆಳೆ ಹೇಗಿದ್ದವು ಎಂದು ತಿಳಿಯಲು ಅದು ಒಳ್ಳೆಯ ಸಾಧನ.

ದೇಸಾಯಿ, ದೇಶಪಾಂಡೆ, ಕುಲಕರ್ಣಿ, ಪಾಟೀಲ ಮನೆತನಗಳಲ್ಲಿ ಪೆಟ್ಟಿಗೆಗಟ್ಟಲೆ ಕಾಗದ ಇರುವುದಕ್ಕೆ ಒಂದು ಕಾರಣ ಇದೆ. ಹತ್ತೊಂಬತ್ತನೆಯ ಶತಮಾನದ ನಡುವೆ ಬ್ರಿಟಿಷರ ಇನಾಂ ಕಮಿಷನ್ ಬಂದು, ಭೂಮಿ ನಿಮಗೆ ಯಾರು ಕೊಟ್ಟರು, ನೀವು ಅವರ ವಂಶದವರೇ, ತೋರಿಸಿರಿ ಎಂದು ಕೇಳಿತು. 1874ರ ವತನ ಕಾನೂನು ಬಂದ ಮೇಲೆ ಪಾಟೀಲಕಿ, ಕುಲಕರ್ಣಿಕಿ ಯಾರ ಸರದಿ ಎಂಬುದಕ್ಕೂ ವಂಶಾವಳಿಯೇ ಆಧಾರವಾಯಿತು. ಆ ಕಾಗದಗಳಲ್ಲಿ ಬಹಳಷ್ಟು ಮೋಡಿ ಲಿಪಿಯಲ್ಲಿವೆ. ಮೋಡಿ ಓದುವವರು ಈಗ ವಿರಳ. ಮಹಾರಾಷ್ಟ್ರದಲ್ಲಿ 2023ರಲ್ಲಿ ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿ ಕುಣಬಿ ಜಾತಿಯ ಹಳೆಯ ದಾಖಲೆ ಹುಡುಕಲು ಹೊರಟ ಮೇಲೆ ಅವರಿಗೆ ಮತ್ತೆ ಬೇಡಿಕೆ ಬಂದಿದೆ. 2014ರಲ್ಲಿ ಮೋಡಿ ಯುನಿಕೋಡಿಗೂ ಸೇರಿತು. ಓದಿಸುವುದು ಆಮೇಲೆ ಆಗಲಿ, ಫೋಟೋ ತೆಗೆಯುವುದು ಇವತ್ತೇ ಆಗಬೇಕು.

ಯಾಕೆ ಇವತ್ತೇ ಎಂದರೆ ನಮ್ಮದು ಹೊಳೆಸಾಲು. ಕೃಷ್ಣೆ, ದೂಧಗಂಗೆ, ವೇದಗಂಗೆ 2005ರಲ್ಲಿ ಏರಿದವು, 2019ರ ಆಗಸ್ಟಿನಲ್ಲಿ ಅದಕ್ಕಿಂತ ಜೋರಾಗಿ, 2021ರಲ್ಲಿ ಮತ್ತೆ. ಜನ ದನಕರು ಬಿಚ್ಚಿಕೊಂಡು, ಮಕ್ಕಳನ್ನು ಎತ್ತಿಕೊಂಡು ಹೊರಟರು. ಟ್ರಂಕು ಒಳಗೇ ಉಳಿಯಿತು. ನೀರು ಇಳಿದ ಮೇಲೆ ಫೋಟೋಗಳು ಗಾಜಿಗೆ ಅಂಟಿ, ಕಾಗದ ಒಂದಕ್ಕೊಂದು ಹತ್ತಿ ರೊಟ್ಟಾಗಿದ್ದವು. ಹಾಗೆ ಅಂಟಿದ್ದನ್ನು ಜಗ್ಗಿ ಬಿಡಿಸಬಾರದು, ಬಿಸಿಲಿಗೂ ಹಾಕಬಾರದು. ಕೂಡಲೇ ಒಣಗಿಸಲು ಆಗದಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರಿಜ್ಜಿನ ಬರ್ಫದ ಖಾನೆಯಲ್ಲಿಟ್ಟರೆ ಬೂಷ್ಟು ಹಿಡಿಯುವುದಿಲ್ಲ. ಆಮೇಲೆ ಸಾವಕಾಶ ಒಂದೊಂದಾಗಿ ನೆರಳಲ್ಲಿ ಬಿಡಿಸಬಹುದು. ಹಳೆಯ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಲೇಬೇಡಿರಿ. ಬಿಸಿಗೆ ಅಂಟಿದ ಪ್ಲಾಸ್ಟಿಕ್ ಮುಂದೆ ಬಿಡುವುದಿಲ್ಲ. ಸರಕಾರವೂ ಭೂಸುರಕ್ಷಾ ಯೋಜನೆಯಲ್ಲಿ ತಹಶೀಲ್ದಾರ್ ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಅದು ಒಳ್ಳೆಯ ಕೆಲಸ. ಆದರೆ ಅಲ್ಲಿ ಸಿಗುವುದು ಹೊಲದ ಕತೆ. ಮನೆಯ ಕತೆಯನ್ನು ಮನೆಯವರೇ ಮಾಡಬೇಕು.

ಕಾಗದಕ್ಕಿಂತ ಮೊದಲು ಕರಗುವುದು ಹಿರಿಯರ ನೆನಪು. ಕೂತು ಕೇಳುವಾಗ “ನೀವು ಯಾವ ಇಸವಿಯಲ್ಲಿ ಹುಟ್ಟಿದಿರಿ” ಎಂದರೆ ನಿಪ್ಪಾಣಿಯ ನಮ್ಮ ಅತ್ತಿ ಸುಮ್ಮನಾಗುತ್ತಾರೆ. ನಮ್ಮ ರಾಜ್ಯದಲ್ಲಿ ಜನನ ಮರಣ ನೋಂದಣಿಯ 1969ರ ಕಾನೂನು ಜಾರಿಯಾದದ್ದೇ 1970ರಲ್ಲಿ, ಅದಕ್ಕಿಂತ ಹಿಂದಿನವರಿಗೆ ತಾರೀಖು ಅಂದರೆ ಶಾಲೆಯಲ್ಲಿ ಮಾಸ್ತರರು ಬರೆದದ್ದು. ಅದಕ್ಕೆ ನಾನು ಬೇರೆ ರೀತಿ ಕೇಳುತ್ತೇನೆ. ಕೊಯ್ನಾ ಭೂಕಂಪದ ರಾತ್ರಿ ನೀವು ಎಲ್ಲಿದ್ದಿರಿ? ಅದು 1967ರ ಡಿಸೆಂಬರ್ 11ರ ನಸುಕು. ಎಪ್ಪತ್ತೆರಡರ ಬರದಲ್ಲಿ ನಿಮ್ಮ ದೊಡ್ಡ ಮಗ ನಡೆಯುತ್ತಿದ್ದನೋ, ತೊಟ್ಟಿಲಲ್ಲಿದ್ದನೋ? ನಿಪ್ಪಾಣಿಯಲ್ಲಿ ತಂಬಾಕಿನ ಚಳವಳಿ ಆದಾಗ, ಅಂದರೆ 1981ರಲ್ಲಿ, ಯಾರ ಲಗ್ನ ಮುಂದೆ ಹೋಯಿತು? ಹೀಗೆ ಕೇಳಿದರೆ ಅತ್ತಿಗೆ ಎಲ್ಲವೂ ನೆನಪಾಗುತ್ತದೆ.

“ಭೂಕಂಪ ಆದಾಗ ನಾ ಬಾಣಂತಿ ಇದ್ನೆವಾ. ಕೂಸಿನ್ನ ಎತಗೊಂಡ ಅಂಗಳಕ್ಕ ಓಡಿ ಬಂದ್ನಿ. ನಮ್ಮ ಅತ್ತಿ ಹಂಡೆವು ಉಳ್ಳಾಡತಾವು ಅಂತ ಚೀರತಿದ್ಲು.”

ಆ ಕೂಸಿನ ಹುಟ್ಟಿದ ತಿಂಗಳು ಆ ಒಂದು ಮಾತಿನಿಂದ ಗೊತ್ತಾಯಿತು. ಅತ್ತಿಯ ಅತ್ತೆಯ ಧ್ವನಿಯೂ ಅವರ ಬಾಯಲ್ಲಿ ಉಳಿಯಿತು. ಬರಹಕ್ಕಿಂತ ಧ್ವನಿ ಮುಖ್ಯ ಎನ್ನುವುದು ಇದಕ್ಕೇ. ಅವರ ಕನ್ನಡದಲ್ಲಿ ಮರಾಠಿ ಎಲ್ಲಿ ಬೆರೆಯುತ್ತದೆ, ಒಡಪು ಹೇಳುವಾಗ ಗಂಡನ ಹೆಸರಿನ ಹತ್ತಿರ ಎಲ್ಲಿ ನಾಚಿ ನಿಲ್ಲುತ್ತಾರೆ, ಅದನ್ನೆಲ್ಲ ಬರೆದು ತೋರಿಸಲು ಆಗದು. ಹಾಗೆ ತುಂಬಿಕೊಳ್ಳುವಾಗ ಫ್ಯಾನು ಬಂದ್ ಮಾಡಿ, ಟಿ.ವಿ. ಬಂದ್ ಮಾಡಿ, ಸುರುವಿಗೆ ದಿನಾಂಕ, ಊರು, ಮಾತಾಡುವವರ ಹೆಸರು ಹೇಳಿಸಿರಿ.

ಈಗ ಇದನ್ನೆಲ್ಲ ಎಲ್ಲಿ ಇಡಬೇಕು ಎಂಬ ಪ್ರಶ್ನೆ. ಜಗತ್ತಿನಲ್ಲಿ ವಂಶವೃಕ್ಷ ಕಟ್ಟಲು ಬಳಸುವ ದೊಡ್ಡ ತಾಣ ಫ್ಯಾಮಿಲಿಸರ್ಚ್. ಅಮೆರಿಕದ ಯೂಟಾ ರಾಜ್ಯದ ಮಾರ್ಮನ್ ಚರ್ಚಿನ ಆಶ್ರಯದಲ್ಲಿ ನಡೆಯುತ್ತದೆ, ಹಣ ಕೊಡಬೇಕಿಲ್ಲ. ಹರಿದ್ವಾರದಂಥ ಕ್ಷೇತ್ರಗಳ ಪಂಡಾಗಳ ವಹಿಗಳನ್ನು ಅವರು ಫಿಲ್ಮಿಗೆ ಇಳಿಸಿದ್ದಾರೆ. 1194ರಿಂದ 2015ರವರೆಗಿನದು ಎಂದು ಹೆಸರಿಸಿದ ಆ ಸಂಗ್ರಹ ಇಂಟರ್‌ನೆಟ್ಟಿನಲ್ಲಿದೆ. ತೀರಿಹೋದ ಪೂರ್ವಜರ ಹೆಸರಿನಲ್ಲಿ ತಮ್ಮ ಧರ್ಮದ ವಿಧಿ ಮಾಡುವುದು ಆ ಚರ್ಚಿನ ನಂಬಿಕೆ, ಹೆಸರು ಕೂಡಿಸುವುದರ ಹಿಂದೆ ಆ ಉದ್ದೇಶವೂ ಇದೆ. ಇದು ಗೊತ್ತಿದ್ದು ಮನೆಯವರೆಲ್ಲ ಒಪ್ಪಿ ಹಾಕುವುದಾದರೆ ಹಾಕಬಹುದು. ಅಲ್ಲಿ ಒಂದೇ ಮರ, ಯಾರು ಬೇಕಾದರೂ ತಿದ್ದಬಹುದು. ಬದುಕಿರುವವರ ವಿವರ ಮಾತ್ರ ಬೇರೆಯವರಿಗೆ ಕಾಣುವುದಿಲ್ಲ. ಮೈಹೆರಿಟೇಜ್‌ನಲ್ಲಿ ನಮ್ಮ ಮರ ನಮ್ಮದೇ, ಆದರೆ ಬಳಗ ದೊಡ್ಡದಾದ ಹಾಗೆ ವರ್ಷದ ಚಂದಾ ಕಟ್ಟಬೇಕು. ಗ್ರಾಂಪ್ಸ್ ಎಂಬ ಮುಕ್ತ ತಂತ್ರಾಂಶವನ್ನು ಸ್ವಂತ ಕಂಪ್ಯೂಟರಿನಲ್ಲಿ ಹಾಕಿಕೊಂಡು ಅಲ್ಲೇ ಕಟ್ಟಬಹುದು. ನಾನು ಮಾಡಿರುವುದು ಹೀಗೆ: ಮೂಲ ಮರ ಮನೆಯ ಕಂಪ್ಯೂಟರಿನಲ್ಲಿ, ಒಂದು ಪ್ರತಿ ಪುಣೆಯಲ್ಲಿರುವ ತಮ್ಮನ ಮಗಳ ಹತ್ತಿರದ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಇಂಟರ್‌ನೆಟ್ಟಿನಲ್ಲಿ ಮನೆಯವರಿಗಷ್ಟೇ ಕಾಣುವ ಹಾಗೆ. ಹೊಳೆ ಮಾಂಜರಿಗೆ ಬಂದರೂ ಪುಣೆಯದು ಉಳಿಯುತ್ತದೆ.

ಯಾವ ತಾಣವೂ ಶಾಶ್ವತವಲ್ಲ. ನಮ್ಮ ಹುಡುಗರೆಲ್ಲ ಫೋಟೋ ಹಾಕಿದ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಎರಡು ವರ್ಷ ಮುಟ್ಟದ ಖಾತೆಗಳನ್ನು ಅಳಿಸಬಹುದೆಂದು ಗೂಗಲ್ 2023ರಲ್ಲಿ ನಿಯಮ ಮಾಡಿದೆ. ಅಜ್ಜ ತೀರಿಕೊಂಡ ಮೇಲೆ ಅಜ್ಜನ ಫೋಟೋಗಳೂ ಹೋಗುವ ಸಂಭವ ಇದೆ. ಅದಕ್ಕೆ ಅವರದೇ ಒಂದು ಸೌಲಭ್ಯ ಇದೆ. ಇಷ್ಟು ತಿಂಗಳು ನಾನು ಖಾತೆ ತೆರೆಯದಿದ್ದರೆ ಇಂಥವರಿಗೆ ತಿಳಿಸಿ, ಇದನ್ನೆಲ್ಲ ಅವರಿಗೆ ಕೊಡಿ ಎಂದು ಹತ್ತು ಜನರ ಹೆಸರಿನವರೆಗೆ ಬರೆದಿಡಬಹುದು. ಹೊಲಕ್ಕೆ ವಾರಸಾ ಹಚ್ಚುವ ನಾವು ಇದಕ್ಕೆ ಹಚ್ಚುವುದನ್ನು ಮರೆಯುತ್ತೇವೆ. ಒಂದು ತಾಣದಿಂದ ಇನ್ನೊಂದಕ್ಕೆ ಮರವನ್ನು ಒಯ್ಯಲು ಗೆಡ್‌ಕಾಮ್ ಎಂಬ ಕಡತದ ಬಗೆ ಇದೆ, 1984ರಿಂದ ನಡೆದುಬಂದಿದೆ. ನೀವು ಆರಿಸುವ ತಾಣ ಅಥವಾ ತಂತ್ರಾಂಶ ಗೆಡ್‌ಕಾಮ್ ಇಳಿಸಿಕೊಡುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿರಿ, ಕೊಡದಿದ್ದರೆ ಅದರ ಹತ್ತಿರ ಹೋಗಬೇಡಿರಿ.

ಕನ್ನಡದ್ದೇ ಆದ ಒಂದು ತೊಡಕು ಇದೆ. ಇಪ್ಪತ್ತು ವರ್ಷದ ಹಿಂದೆ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಮನೆತನದ ಇತಿಹಾಸ ಟೈಪ್ ಮಾಡಿಸಿದವರು ಆ ಕಡತವನ್ನು ಮೊಬೈಲಿನಲ್ಲಿ ತೆರೆದರೆ ಬರೀ ಗೋಜಲು ಕಾಣುತ್ತದೆ. ಹೆದರಬೇಕಿಲ್ಲ, ಅದನ್ನು ಯುನಿಕೋಡಿಗೆ ತರುವ ಪರಿವರ್ತಕಗಳಿವೆ, ಆದರೆ ಫ್ಲಾಪಿ, ಸಿ.ಡಿ. ಓದುವ ಯಂತ್ರ ಸಿಗುವಷ್ಟರಲ್ಲೇ ಮಾಡಿಸಿಬಿಡಬೇಕು. ಹೆಸರುಗಳನ್ನು ಮೊದಲು ಕನ್ನಡದಲ್ಲಿ ಬರೆಯಿರಿ, ಆಮೇಲೆ ಮರಾಠಿ, ಇಂಗ್ಲಿಷ್ ರೂಪ ಸೇರಿಸಿರಿ. ಅಡ್ಡಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ರೀತಿ ಇದ್ದರೆ ಎಲ್ಲ ರೂಪಗಳನ್ನೂ ಇಡಿರಿ, ತಿದ್ದಬೇಡಿರಿ. ಹಳೆಯ ಫೋಟೋವನ್ನು ವಾಟ್ಸಾಪಿನಲ್ಲಿ ಸಾದಾ ಕಳಿಸಿದರೆ ಅದು ಕುಗ್ಗಿ ಮಸುಕಾಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿರಿ. ಫೋಟೋದ ಹಿಂಬದಿಯನ್ನೂ ತೆಗೆಯಿರಿ, ಸ್ಟುಡಿಯೋದ ಶಿಕ್ಕಾ ಅಲ್ಲಿ ಇರುತ್ತದೆ.

ಮರ ಕಟ್ಟಲು ಕೂತಾಗ ನಮ್ಮ ಬಳಗ ಮರದ ಹಾಗೆ ಬೆಳೆಯುವುದಿಲ್ಲ ಎಂಬುದು ಗೊತ್ತಾಗುತ್ತದೆ. ಅಕ್ಕನ ಮಗಳನ್ನು ತಮ್ಮನಿಗೆ ತಂದಿರುತ್ತೇವೆ, ಸೋದರತ್ತೆಯ ಮಗನಿಗೆ ಕೊಟ್ಟಿರುತ್ತೇವೆ. ಒಬ್ಬಳೇ ಆಯಿ ಎರಡು ದಾರಿಯಿಂದ ಮುತ್ತಜ್ಜಿ ಆಗಿರುತ್ತಾಳೆ. ಅವಳನ್ನು ಎರಡು ಸಲ ಬರೆಯಬೇಡಿರಿ, ಒಬ್ಬಳನ್ನೇ ಬರೆದು ಎರಡೂ ಕಡೆ ಜೋಡಿಸಿರಿ. ದತ್ತಕ ಹೋದವರಿಗೆ ಹೆತ್ತವರು, ಸಾಕಿದವರು ಇಬ್ಬರನ್ನೂ ತೋರಿಸುವ ಅವಕಾಶ ತಂತ್ರಾಂಶದಲ್ಲಿದೆ. ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳಿಗೆ ಪ್ರತಿಯೊಂದು ಫಾರ್ಮಿನ ತಂದೆಯ ಖಾನೆಯೂ ನೋವಿನದು. ದೇವದಾಸಿ ಪದ್ಧತಿಯನ್ನು 1982ರ ಕಾನೂನು ನಿಷೇಧಿಸಿದ ಮೇಲೂ ಆ ಖಾನೆ ಅವರನ್ನು ಬಿಡಲಿಲ್ಲ. ಇಲ್ಲಿ ಅದನ್ನು ಖಾಲಿ ಬಿಟ್ಟು ತಾಯಿಯಿಂದಲೇ ಮನೆತನ ಸುರು ಮಾಡಬಹುದು, ತಾಯಿಯ ತಾಯಿ, ಅವಳ ತಾಯಿ ಎಂದು ಏರುತ್ತ ಹೋಗಬಹುದು. ಯಾವ ಕಾಗದದ ವಂಶಾವಳಿಯೂ ಒಪ್ಪದ ಮನೆತನವನ್ನು ಕಂಪ್ಯೂಟರು ಒಪ್ಪುತ್ತದೆ.

ಬದುಕಿರುವವರ ಹುಟ್ಟಿದ ದಿನ, ಆಧಾರ್, ಮನೆಯ ವಿಳಾಸ, ಹೊಲದ ಸರ್ವೆ ನಂಬರು ಯಾವುದನ್ನೂ ಎಲ್ಲರಿಗೂ ಕಾಣುವ ಜಾಗದಲ್ಲಿ ಹಾಕಬಾರದು. ಪಾಲಿನ ವ್ಯಾಜ್ಯ ಕೋರ್ಟಿನಲ್ಲಿರುವ ಮನೆಯಲ್ಲಿ ಯಾರನ್ನು ಮೊದಲ ಹೆಂಡತಿ ಎಂದು ಬರೆದಿರಿ, ಯಾರನ್ನು ಎರಡನೆಯವಳು ಎಂದಿರಿ ಎಂಬುದೇ ಜಗಳಕ್ಕೆ ಸಾಕು. ಅಂಥ ಕಡೆ ಬರೆದು ಬೀಗ ಹಾಕಿಡಿರಿ, ಅಳಿಸಬೇಡಿರಿ. ಹೇಳಿಕೆಗಳು ಹೊಂದದಿದ್ದರೆ ಎರಡನ್ನೂ ಹೇಳಿದವರ ಹೆಸರಿನ ಸಮೇತ ಇಡುವುದು ನಾನು ಪಾಲಿಸುವ ಪದ್ಧತಿ.

ನಮ್ಮ ಮರದ ಎರಡನೆಯ ಕೀಲಿಕೈ ಪುಣೆಯ ತಮ್ಮನ ಮಗಳ ಕೈಯಲ್ಲಿದೆ. ಅವಳು ತನ್ನ ಅತ್ತೆಯ ತವರನ್ನೂ ಈಗ ಸೇರಿಸುತ್ತಿದ್ದಾಳೆ. ಕಾಗವಾಡದ ಕಡೆಯ ಅತ್ತಿಯ ನಾದಿನಿಯೊಬ್ಬರ ಮದುವೆಗೆ ಮುಂಚಿನ ಹೆಸರು ಮಾತ್ರ ಇನ್ನೂ ಯಾರಿಗೂ ನೆನಪಾಗಿಲ್ಲ. ಶಾಲೆಯ ಹಳೆಯ ಜನರಲ್ ರಜಿಸ್ಟರು ನೋಡಲು ಮುಖ್ಯೋಪಾಧ್ಯಾಯರನ್ನು ಕೇಳಿದ್ದೇವೆ, ದಸರೆಯ ರಜೆಯಾದ ಮೇಲೆ ಬರಲು ಹೇಳಿದ್ದಾರೆ. ಅಲ್ಲಿ ಸಿಗದಿದ್ದರೆ ಅವರ ಮನೆಯ ಅಟ್ಟ ಹತ್ತುತ್ತೇವೆ.